‘ಪರವಾಗಿಲ್ಲ’ ಅನ್ನುವವರಿಗೆ ಫೋನ್ ಮಾಡಿ ಏನು ಕೇಳಬೇಕು?

ಕೀಮೋ ಆದ ಒಂಬತ್ತನೇ ದಿನ ಸಂಜೆ ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. "ಹೇಗಿದ್ದೀರಾ?" ಅಂದೆ. "ಪರವಾಗಿಲ್ಲ ಕಣಪ್ಪ" ಅಂದರು. ಮಳವಳ್ಳಿ ಹತ್ತಿರದ ಹಳ್ಳಿ ಅವರದು. ಎಡ ಸ್ತನದಲ್ಲಿ ಕ್ಯಾನ್ಸರ್, ಆಪರೇಷನ್ ಆಗಿತ್ತು, ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕೀಮೋ ನಡೆಯುತ್ತಿತ್ತು. ಆ ‘ಪರವಾಗಿಲ್ಲ’ದ ಹಿಂದೆ ಏನಿತ್ತು ಅಂತ ಗೊತ್ತಾಗಿದ್ದು ಮರುದಿನ. ಎರಡು ದಿನದಿಂದ ಮೈ ಬಿಸಿ. ಅಂಗಡಿಯಿಂದ ತರಿಸಿದ ಪ್ಯಾರಾಸಿಟಮಾಲ್ ನುಂಗುವುದು, ಜ್ವರ ಇಳಿದಾಗ ಎದ್ದು ಮುದ್ದೆ ಕಟ್ಟುವುದು, ಮತ್ತೆ ಏರಿದಾಗ ಮಲಗುವುದು. ಆಸ್ಪತ್ರೆಯ ಚೀಟಿಯ ಹಿಂದೆ ಒಂದು ನಂಬರ್ ಬರೆದಿದ್ದರು. ಅದಕ್ಕೆ ಮಾಡಿದರೆ ರಿಂಗ್ ಆಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಕೊನೆಗೆ ಕಾರು ಮಾಡಿಕೊಂಡು ಕರೆತಂದೆವು. ಬಿಳಿ ರಕ್ತಕಣಗಳ ಸಂಖ್ಯೆ ನೆಲ ಕಚ್ಚಿತ್ತು. ಐದು ದಿನ ಡ್ರಿಪ್‌ನಲ್ಲಿ ಆ್ಯಂಟಿಬಯೋಟಿಕ್ ಕೊಟ್ಟರು. ಗಟ್ಟಿ ಜೀವ, ಎದ್ದು ಬಂದರು.

ಆಮೇಲೆ ತುಂಬಾ ದಿನ ನನ್ನನ್ನು ಕಾಡಿದ್ದು ಆ ಎತ್ತದ ಫೋನಿಗಿಂತ ನಾನು ಕೇಳಿದ ಪ್ರಶ್ನೆ. "ಹೇಗಿದ್ದೀರಾ" ಅಂದರೆ ನಮ್ಮ ಕಡೆ ಹೆಂಗಸರು ಇನ್ನೇನು ಹೇಳುತ್ತಾರೆ?

ಸ್ತನ ಕ್ಯಾನ್ಸರಿನ ಕೀಮೋಗೆ ಹೆಚ್ಚಿನವರು ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಬೆಳಿಗ್ಗೆ ಬಂದು ರಕ್ತ ಪರೀಕ್ಷೆ, ಮಧ್ಯಾಹ್ನ ಡ್ರಿಪ್, ಸಂಜೆ ಬಸ್ಸು. ತುಂಬಾ ಜನರಿಗೆ ಕೊಡುವ ಒಂದು ಕ್ರಮ ಹೀಗಿದೆ. ಮೊದಲು ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್, ಮೂರು ವಾರಕ್ಕೊಮ್ಮೆ ನಾಲ್ಕು ಸಲ. ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್, ವಾರಕ್ಕೊಂದರಂತೆ ಹನ್ನೆರಡು ವಾರ. ಡಾಕ್ಸೊರುಬಿಸಿನ್‌ಗೆ ‘ಕೆಂಪು ಔಷಧಿ’ ಅಂತಲೇ ಹೆಸರು. ಅದರ ಬಣ್ಣವೇ ಹಾಗೆ. ಮೂತ್ರವೂ ಒಂದೆರಡು ದಿನ ಕೆಂಪಗೆ ಹೋಗುತ್ತದೆ. ಮೊದಲೇ ಯಾರೂ ಹೇಳದಿದ್ದರೆ ರಕ್ತ ಅಂತ ಮನೆಯವರೆಲ್ಲ ಗಾಬರಿ ಬೀಳುತ್ತಾರೆ.

ಲೆಕ್ಕ ಹಾಕಿ ನೋಡಿ. ಇಪ್ಪತ್ತೊಂದು ದಿನದಲ್ಲಿ ಒಂದು ದಿನ ಆಸ್ಪತ್ರೆ, ಇಪ್ಪತ್ತು ದಿನ ಮನೆ. ವಾಂತಿ, ಬಾಯಿ ಹುಣ್ಣು, ಭೇದಿ, ಜ್ವರ ಎಲ್ಲ ಬರುವುದು ಆ ಇಪ್ಪತ್ತು ದಿನಗಳಲ್ಲೇ. ಮುಂದಿನ ಸಲ ಡಾಕ್ಟರ ಎದುರು ಕೂರುವ ಹೊತ್ತಿಗೆ ಅರ್ಧ ಮರೆತಿರುತ್ತದೆ. ಇನ್ನರ್ಧ ಹೇಳೋಣ ಅಂದರೆ ಬಾಗಿಲಾಚೆ ಕ್ಯೂ. ಕೆಲವರು ಬೇಕಂತಲೇ ಬಾಯಿ ಬಿಡುವುದಿಲ್ಲ. "ಹೇಳಿದ್ರೆ ಈ ಸಲದ ಡೋಸ್ ನಿಲ್ಲಿಸಿಬಿಡ್ತಾರೆ" ಅನ್ನುವ ಭಯ. ಡಾಕ್ಟರು ಬರೆದುಕೊಂಡಿದ್ದಕ್ಕೂ ರೋಗಿ ಅನುಭವಿಸಿದ್ದಕ್ಕೂ ಅಂತರ ಇರುತ್ತದೆ ಅನ್ನುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ.

ಈ ಇಪ್ಪತ್ತು ದಿನಗಳ ಕತ್ತಲಿಗೆ ಒಂದು ಕಿಟಕಿ ಇಡುವ ಪ್ರಯತ್ನವೇ ದೂರದಿಂದ ರೋಗಲಕ್ಷಣ ಗಮನಿಸುವ ಪದ್ಧತಿ. ಹೆಸರು ದೊಡ್ಡದು, ಕೆಲಸ ಸರಳ. ರೋಗಿ ಮನೆಯಲ್ಲೇ ಇರುತ್ತಾರೆ. ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ಫೋನಿನಲ್ಲಿ ಹತ್ತು ಹನ್ನೆರಡು ಪ್ರಶ್ನೆ ಬರುತ್ತವೆ. ನೋವು ಎಷ್ಟಿದೆ? ವಾಂತಿ ಆಯಿತಾ? ಉತ್ತರ ಒಂದು ಮಟ್ಟ ದಾಟಿದರೆ ಆಸ್ಪತ್ರೆಯ ನರ್ಸ್‌ಗೆ ಎಚ್ಚರಿಕೆ ಹೋಗುತ್ತದೆ. ಅವರು ತಿರುಗಿ ಫೋನ್ ಮಾಡುತ್ತಾರೆ.

ಇಷ್ಟರಿಂದ ಏನಾದೀತು ಅನಿಸುತ್ತದೆ, ಅಲ್ವಾ? ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಡಾ. ಈಥನ್ ಬಾಶ್ ಅವರ ತಂಡ ಇದನ್ನೇ ಪರೀಕ್ಷೆಗೆ ಇಟ್ಟಿತು. 2007ರಿಂದ 2011ರ ನಡುವೆ 766 ರೋಗಿಗಳು ಸೇರಿದರು. ಎಲ್ಲರಿಗೂ ಕ್ಯಾನ್ಸರ್ ಬೇರೆ ಕಡೆಗೆ ಹರಡಿತ್ತು, ಅವರಲ್ಲಿ ಸ್ತನ ಕ್ಯಾನ್ಸರಿನವರೂ ಇದ್ದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪು 12 ಸಾಮಾನ್ಯ ಲಕ್ಷಣಗಳ ಬಗ್ಗೆ ಕಂಪ್ಯೂಟರಿನಲ್ಲಿ ತಾನೇ ಉತ್ತರ ಕೊಡಬೇಕು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ. 41ರಷ್ಟು ಜನ ತುರ್ತು ವಿಭಾಗಕ್ಕೆ ಓಡಿದ್ದರೆ, ಉತ್ತರ ಕೊಟ್ಟವರಲ್ಲಿ ಅದು ಶೇ. 34. 2017ರಲ್ಲಿ ಬದುಕುಳಿದ ಅವಧಿಯ ಲೆಕ್ಕ ಬಂತು. ಮಧ್ಯಮ ಅವಧಿ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 26 ತಿಂಗಳು, ಉತ್ತರ ಕೊಟ್ಟವರಲ್ಲಿ 31.2. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಬರೀ ಪ್ರಶ್ನೆ ಕೇಳಿ, ಉತ್ತರ ಓದಿದ್ದಕ್ಕೆ ಐದು ತಿಂಗಳು.

ಆದರೆ ಈ ಐದು ತಿಂಗಳನ್ನೇ ಹಿಡಿದುಕೊಂಡು ಆ್ಯಪ್ ಮಾರುವವರ ಮಾತನ್ನು ನಾನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ. ಅದು ಒಂದೇ ದೊಡ್ಡ ಆಸ್ಪತ್ರೆಯ ಪ್ರಯೋಗ. ಆಮೇಲೆ ಅಮೆರಿಕದ 52 ಸಾಮಾನ್ಯ ಕ್ಯಾನ್ಸರ್ ಕ್ಲಿನಿಕ್‌ಗಳಲ್ಲಿ 1,191 ರೋಗಿಗಳ ಜೊತೆ ಪ್ರೊ-ಟೆಕ್ಟ್ ಎಂಬ ಇನ್ನೂ ದೊಡ್ಡ ಪ್ರಯೋಗ ನಡೆಯಿತು. 2022ರ ವರದಿಯಲ್ಲಿ ಓಡಾಡುವ ಶಕ್ತಿ, ಲಕ್ಷಣಗಳ ಹತೋಟಿ, ಬದುಕಿನ ಗುಣಮಟ್ಟ ಮೂರೂ ಸುಧಾರಿಸಿದ್ದವು. 2025ರಲ್ಲಿ ಬಂದ ಕೊನೆಯ ವರದಿಯಲ್ಲಿ ಆಯಸ್ಸಿನ ವ್ಯತ್ಯಾಸ ಕಾಣಲಿಲ್ಲ. ತುರ್ತು ವಿಭಾಗಕ್ಕೆ ಹೋಗುವ ಸಂದರ್ಭ ಮಾತ್ರ ಮುಂದಕ್ಕೆ ಹೋಗಿತ್ತು. ಯುರೋಪಿನ ಐದು ದೇಶಗಳ 12 ಕೇಂದ್ರಗಳಲ್ಲಿ ಕೀಮೋ ಪಡೆಯುತ್ತಿದ್ದ 829 ಜನರನ್ನು ಸೇರಿಸಿಕೊಂಡ ಇನ್ನೊಂದು ಪ್ರಯೋಗದಲ್ಲೂ, 2021ರ ವರದಿಯಂತೆ, ಲಕ್ಷಣಗಳ ಕಾಟ ಕಡಿಮೆಯಾಗಿತ್ತು. ಆಯಸ್ಸು ಹೆಚ್ಚುತ್ತದೆ ಅಂತ ಯಾರಿಗೂ ಮಾತು ಕೊಡುವುದು ಬೇಡ. ನರಳಾಟ ಕಡಿಮೆಯಾಗುತ್ತದೆ, ನಡುರಾತ್ರಿಯ ಓಡಾಟ ತಪ್ಪುತ್ತದೆ ಅಂದರೆ ಅದೇನು ಸಣ್ಣದಾ?

ನ್ಯೂಯಾರ್ಕಿನ ಪ್ರಯೋಗದಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆಯೇ ಒಂದು ವಿಷಯ. ಮೊದಲು ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲದವರನ್ನು ಅಲ್ಲಿ ಪ್ರತ್ಯೇಕವಾಗಿ ನೋಡಿದ್ದರು. ಜಾಸ್ತಿ ಲಾಭ ಆಗಿದ್ದು ಅವರಿಗೇ. "ನಮ್ಮ ಹಳ್ಳಿಯವರಿಗೆ ಇದೆಲ್ಲ ಆಗಲ್ಲ" ಅನ್ನುವವರು ಇದನ್ನು ಗಮನಿಸಬೇಕು. ತನ್ನ ಕಷ್ಟವನ್ನು ತಾನಾಗಿ ದೊಡ್ಡ ದನಿಯಲ್ಲಿ ಹೇಳಿಕೊಳ್ಳಲು ಬರುವವರಿಗೆ ಹೇಗೋ ದಾರಿ ಸಿಗುತ್ತದೆ. ಕೇಳಿದರೆ ಮಾತ್ರ ಹೇಳುವವರಿಗೆ ಯಾರಾದರೂ ಕೇಳಲೇಬೇಕು.

ಈಗ ನಮ್ಮ ಕಡೆಗೆ ಬರೋಣ. ಜಗತ್ತಿನ ಕ್ಯಾನ್ಸರ್ ಲೆಕ್ಕ ಇಡುವ ಗ್ಲೋಬೊಕಾನ್ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಜನ ಅದರಿಂದ ತೀರಿಕೊಂಡರು. ಮೈಸೂರಿನಲ್ಲಿ ಖಾಸಗಿ ಕ್ಯಾನ್ಸರ್ ಆಸ್ಪತ್ರೆಗಳಿವೆ, ಕೆ.ಆರ್. ಆಸ್ಪತ್ರೆ ಇದೆ. ಮಂಡ್ಯದಲ್ಲಿ ಕಿದ್ವಾಯಿಯ ಉಪಕೇಂದ್ರ ಇದೆ. ಬೆಂಗಳೂರಿನ ಕಿದ್ವಾಯಿಗೇ ಹೋಗುವವರೂ ಬೇಕಾದಷ್ಟು. ಎಚ್.ಡಿ. ಕೋಟೆ, ಸರಗೂರು, ನಾಗಮಂಗಲ, ಕೆ.ಆರ್. ಪೇಟೆ ಕಡೆಯವರಿಗೆ ಇವೆಲ್ಲ ಒಂದು ದಿನದ ಕೆಲಸ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ದೊಡ್ಡ ಅನುಕೂಲವೇ. ಆದರೆ ಜೊತೆಗೆ ಬರುವ ಗಂಡನಿಗೋ ಮಗನಿಗೋ ಟಿಕೆಟ್ ಉಂಟು, ಅವನ ಆ ದಿನದ ಕೂಲಿ ಖೋತಾ. ಅದಕ್ಕಿಂತ ಮುಖ್ಯವಾಗಿ, ರಕ್ತಕಣ ಕುಸಿದು ಸೋಂಕು ತಡೆಯುವ ಶಕ್ತಿಯೇ ಇಲ್ಲದ ಹೆಂಗಸು ಕಾಲಿಡಲೂ ಜಾಗವಿಲ್ಲದ ಬಸ್ಸಿನಲ್ಲಿ ನಿಂತುಕೊಂಡು ಬರಬೇಕು. "ಏನಾದ್ರೂ ಆದ್ರೆ ಬನ್ನಿ" ಅನ್ನುವ ಮಾತಿನ ತೂಕ ಮಳವಳ್ಳಿಯಲ್ಲಿ ಒಂದು, ಮೈಸೂರಿನ ಸರಸ್ವತಿಪುರಂನಲ್ಲಿ ಇನ್ನೊಂದು.

ಹಾಗಾದರೆ ಫೋನಿನಲ್ಲಿ ಕೇಳೋಣ. ಏನಂತ ಕೇಳುವುದು? ಇಲ್ಲೇ ನಿಜವಾದ ಕೆಲಸ ಇರುವುದು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಈ ಕೆಲಸಕ್ಕೆಂದೇ ಒಂದು ಪ್ರಶ್ನೆಗಳ ಕಣಜ ಮಾಡಿಟ್ಟಿದೆ. 78 ಲಕ್ಷಣಗಳು, 124 ಪ್ರಶ್ನೆಗಳು. ಆಸ್ಪತ್ರೆಗಳು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತವೆ. ಪ್ರಶ್ನೆಗಳು ಚೆನ್ನಾಗಿಯೇ ಇವೆ. ಆದರೆ ಅವನ್ನು ಅಕ್ಷರಕ್ಕೆ ಅಕ್ಷರ ಕನ್ನಡ ಮಾಡಿದರೆ ಪರೀಕ್ಷೆ ಪೇಪರ್ ಆಗುತ್ತದೆ. "ಕಳೆದ ಏಳು ದಿನಗಳಲ್ಲಿ ನಿಮ್ಮ ಕೈ ಅಥವಾ ಪಾದಗಳಲ್ಲಿ ಮರಗಟ್ಟುವಿಕೆಯ ತೀವ್ರತೆ ಎಷ್ಟಿತ್ತು?" ಚಿಕ್ಕಮ್ಮನಿಗೆ ಇದನ್ನು ಓದಿ ಹೇಳಿದರೆ "ಅದೇನೋ ನಂಗೊತ್ತಿಲ್ಲಪ್ಪ" ಅಂತಾರೆ. ಅದೇ "ಕೈ ಜೋಮು ಹಿಡಿಯುತ್ತಾ? ಹೂ ಕಟ್ಟೋಕೆ ಆಗುತ್ತಾ? ಬ್ಲೌಸಿನ ಹುಕ್ ಹಾಕೋಕೆ? ನಡೆಯುವಾಗ ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗದೇ ಹೋಗಿತ್ತಾ?" ಅಂತ ಕೇಳಿ. ಪ್ಯಾಕ್ಲಿಟ್ಯಾಕ್ಸೆಲ್ ನರಗಳಿಗೆ ಎಷ್ಟು ಪೆಟ್ಟು ಕೊಟ್ಟಿದೆ ಅನ್ನುವುದು ಐದು ನಿಮಿಷದಲ್ಲಿ ಹೊರಬರುತ್ತದೆ. ಇದು ಸುಮ್ನೆ ತಿಳಿದುಕೊಳ್ಳುವ ಮಾತಲ್ಲ. ಜೋಮು ಜಾಸ್ತಿಯಾಗುತ್ತಿದ್ದರೆ ಡೋಸ್ ಕಡಿಮೆ ಮಾಡುವುದೋ ನಿಲ್ಲಿಸುವುದೋ ಡಾಕ್ಟರು ಆಗಲೇ ತೀರ್ಮಾನಿಸಬೇಕು. ತಡವಾದರೆ ಆ ಜೋಮು ವರ್ಷಗಟ್ಟಲೆ ಉಳಿದುಬಿಡಬಹುದು.

ಬಾಯಿ ಹುಣ್ಣಿಗೂ ಹಾಗೇ. "ನೋವಿನ ಪ್ರಮಾಣ ಒಂದರಿಂದ ಹತ್ತರಲ್ಲಿ ಎಷ್ಟು" ಅನ್ನುವುದಕ್ಕಿಂತ "ಮುದ್ದೆ ನುಂಗೋಕೆ ಆಗುತ್ತಾ, ಗಂಜಿಯಾದರೂ ಇಳಿಯುತ್ತಾ, ನೀರೂ ಉರಿಯುತ್ತಾ" ಅನ್ನುವುದು ನಮ್ಮ ಅಳತೆಗೋಲು. ಮುದ್ದೆಯಿಂದ ಗಂಜಿಗೆ ಇಳಿದರೆ ಹಳದಿ ದೀಪ. ನೀರೂ ಆಗದಿದ್ದರೆ ಕೆಂಪು. ಸುಸ್ತು ಅಂದರೆ ಎಷ್ಟು ಸುಸ್ತು? ಬಚ್ಚಲಿಗೆ ಹೋಗಿ ಬರುವಾಗ ನಡುವೆ ಕೂರಬೇಕಾ? ಎಷ್ಟು ಬಿಂದಿಗೆ ಹೊರುತ್ತಿದ್ದಿರಿ, ಈಗ ಎಷ್ಟು? ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಪಡೆಯುವವರಿಗೆ ಇನ್ನೊಂದು ಪ್ರಶ್ನೆ ಬೇಕೇ ಬೇಕು. ಆ ಔಷಧಿ ಕೆಲವರಲ್ಲಿ ಹೃದಯದ ಬಲ ಕುಗ್ಗಿಸುತ್ತದೆ, ಅದಕ್ಕೇ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುವುದು. ಆ ಮೂರು ತಿಂಗಳ ನಡುವೆ "ರಾತ್ರಿ ಅಂಗಾತ ಮಲಗೋಕೆ ಆಗುತ್ತಾ, ಇಲ್ಲ ಎದ್ದು ಕೂರ್ತೀರಾ? ಕಾಲು ಊದಿದೆಯಾ?" ಅಂತ ಯಾರು ಕೇಳುತ್ತಾರೆ?

ಜ್ವರದ ಮಾತು ಬಂದರೆ ನಮ್ಮಲ್ಲಿ ಒಂದು ವಿಚಿತ್ರ ತೊಡಕಿದೆ. ‘ಒಳಜ್ವರ’ ಅನ್ನುವ ಪದ. ಮೈ ಮುಟ್ಟಿದರೆ ಬಿಸಿ ಇಲ್ಲ, ಆದರೆ ಒಳಗೆ ಜ್ವರ ಇದೆ ಅನ್ನುತ್ತಾರೆ. ಡಾಕ್ಟರಿಗೆ ಹೇಳಿದರೆ ನಗುತ್ತಾರೆ. ನನಗೀಗ ಆ ಪದದ ಮೇಲೆ ಗೌರವ ಬಂದಿದೆ. ಪ್ಯಾರಾಸಿಟಮಾಲ್ ನುಂಗಿದ್ದಾಗ ನಿಜವಾದ ಜ್ವರ ಒಳಗೇ ಅಡಗಿರುತ್ತದೆ. ಥರ್ಮಾಮೀಟರ್ ಸುಳ್ಳು ಹೇಳುತ್ತದೆ, ಚಳಿ ನಡುಕ ಸತ್ಯ ಹೇಳುತ್ತದೆ. ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದ ಆಸುಪಾಸಿನಲ್ಲಿ ಬಿಳಿ ರಕ್ತಕಣ ತೀರಾ ಕೆಳಗೆ ಇಳಿಯುತ್ತವೆ. ಆಗ ಥರ್ಮಾಮೀಟರ್‌ನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿತು ಅಂದರೆ ತುರ್ತು. ನಾಳೆ ಬೆಳಿಗ್ಗೆ ನೋಡೋಣ ಅನ್ನುವ ಹಾಗಿಲ್ಲ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು ಅನ್ನುತ್ತದೆ ವೈದ್ಯಕೀಯ ನಿಯಮ. ಕಣಗಳೇ ಇಲ್ಲದಾಗ ಕೀವು, ಊತದಂಥ ಗುರುತುಗಳೂ ಸರಿಯಾಗಿ ಕಾಣುವುದಿಲ್ಲ. ಎಷ್ಟೋ ಸಲ ಜ್ವರ ಒಂದೇ ಗುರುತು. ಅದನ್ನು ಮಾತ್ರೆಯಿಂದ ಅಳಿಸಿಬಿಟ್ಟರೆ ಉಳಿಯುವುದೇನು? ಅದಕ್ಕೇ ದೂರದ ವಿಚಾರಣೆಯ ಮೊದಲ ಪ್ರಶ್ನೆ "ಜ್ವರ ಇದೆಯಾ" ಅಂತ ಇರಬಾರದು. "ಜ್ವರದ ಮಾತ್ರೆ ನುಂಗಿದ್ರಾ" ಅಂತ ಇರಬೇಕು. ಇನ್ನೊಂದು ಮಾತು. ಸಾವಿರಾರು ರೂಪಾಯಿಯ ಡ್ರಿಪ್ ಹಾಕಿ ಕಳಿಸುವ ಆಸ್ಪತ್ರೆ, ಜೊತೆಗೊಂದು ಥರ್ಮಾಮೀಟರ್ ಕೊಟ್ಟು, ಅದನ್ನು ಓದಲು ಹೇಳಿಕೊಟ್ಟು ಯಾಕೆ ಕಳಿಸಬಾರದು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನು ಫೋನಿನ ಕಥೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ಶೇ. 54ರಷ್ಟು. ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದವರು ಮೂವರಲ್ಲಿ ಒಬ್ಬರು. ಆಮೇಲೆ ಪರಿಸ್ಥಿತಿ ಬದಲಾಗಿದೆ, ನಿಜ. ಆದರೂ ಮನೆಯ ಸ್ಮಾರ್ಟ್‌ಫೋನ್ ಮಗನ ಜೇಬಿನಲ್ಲೇ ಇರುತ್ತದೆ. ಅವನು ಮಂಡ್ಯಕ್ಕೆ ಕೆಲಸಕ್ಕೆ ಹೋದರೆ ಅದೂ ಹೋಯಿತು. ಇದ್ದರೂ, ಮುಟ್ಟು ನಿಂತಿದ್ದು, ಕೆಳಗೆ ಉರಿ, ಗಂಡನ ಜೊತೆಗಿನ ಸಂಬಂಧ ಇಂಥ ಪ್ರಶ್ನೆಗಳು ಆ ಪರದೆಯ ಮೇಲೆ ಬಂದರೆ ಯಾವ ತಾಯಿ ಮಗನ ಕೈಯಲ್ಲಿ ಉತ್ತರ ಒತ್ತಿಸುತ್ತಾಳೆ? ಕಾಯಿಲೆಯ ಹೆಸರನ್ನೇ ಬಾಯಿಬಿಟ್ಟು ಹೇಳದೆ ‘ಗಂಟು’ ಅಂತಲೇ ಮುಗಿಸುವ ಮನೆಗಳಿವೆ. ಮಗಳ ಮದುವೆ ಮಾತುಕತೆ ನಡೆಯುತ್ತಿದ್ದರಂತೂ ಕೇಳುವುದೇ ಬೇಡ. ಫೋನ್ ಪರದೆಯ ಮೇಲೆ ‘ಕ್ಯಾನ್ಸರ್’ ಅಂತ ಸಂದೇಶ ಹೊಳೆದರೆ ಅಲ್ಲಿಗೆ ಆ ಆ್ಯಪ್‌ನ ಆಯಸ್ಸು ಮುಗಿಯಿತು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳನ್ನು ಕಟ್ಟಿಹಾಕಬಹುದು. ಪಕ್ಕದ ಮನೆಯವರ ಕಣ್ಣನ್ನು ಕಟ್ಟುವುದಿಲ್ಲ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಪ್ರೊ-ಟೆಕ್ಟ್ ಪ್ರಯೋಗದಲ್ಲೇ ಇಂಟರ್‌ನೆಟ್ ಬೇಡ ಅಂದವರಿಗೆ ಯಂತ್ರವೇ ಫೋನ್ ಮಾಡಿ ಪ್ರಶ್ನೆ ಓದುತ್ತಿತ್ತು, ಅವರು ಬಟನ್ ಒತ್ತಿ ಉತ್ತರಿಸುತ್ತಿದ್ದರು. ಅಮೆರಿಕದಲ್ಲೇ ಅದು ಬೇಕಾಗಿತ್ತು ಅಂದ ಮೇಲೆ ನಮಗೆ ನಾಚಿಕೆ ಯಾಕೆ? "ವಾಕರಿಕೆ ಇದ್ದರೆ ಒಂದನ್ನು ಒತ್ತಿ" ಅನ್ನುವುದು ಗ್ಯಾಸ್ ಬುಕ್ ಮಾಡುವ ಯಾರಿಗೂ ಹೊಸದಲ್ಲ. ನಮ್ಮದೇ ಆದ ಮಿಸ್ಡ್ ಕಾಲ್ ಇದೆ. ಒಂದು ರಿಂಗ್ ಕೊಟ್ಟು ಇಡಿ, ಅರ್ಧ ಗಂಟೆಯಲ್ಲಿ ನರ್ಸ್ ತಿರುಗಿ ಮಾಡುತ್ತಾರೆ. ಇದಕ್ಕೆ ಕೀಪ್ಯಾಡ್ ಫೋನು, ಎರಡು ಕಡ್ಡಿ ಸಿಗ್ನಲ್ ಸಾಕು. ಕಾಡಂಚಿನ ಹಾಡಿಗಳಲ್ಲಿ ಆ ಎರಡು ಕಡ್ಡಿಯೂ ಇಲ್ಲದ ಕಡೆ ಮನುಷ್ಯರೇ ಹೋಗಿ ಕೇಳಬೇಕು.

ತಿರುಗಿ ಮಾಡುವವರು ಯಾರು ಅನ್ನುವಲ್ಲಿ ಎಲ್ಲ ಯೋಜನೆಗಳೂ ಮುಗ್ಗರಿಸುವುದು. ನ್ಯೂಯಾರ್ಕಿನಲ್ಲಿ ಬಂದ ಎಚ್ಚರಿಕೆಗಳಲ್ಲಿ ಶೇ. 77ಕ್ಕೆ ನರ್ಸ್‌ಗಳು ಏನಾದರೊಂದು ಕ್ರಮ ತೆಗೆದುಕೊಂಡರು. ಫೋನಿನಲ್ಲಿ ಸಲಹೆ, ಹೊಸ ಮಾತ್ರೆ, ಕೀಮೋ ಡೋಸಿನಲ್ಲಿ ಬದಲಾವಣೆ, ಹೀಗೆ. ಕೆಲಸ ಮಾಡಿದ್ದು ಆ ಶೇ. 77. ಪರದೆಯ ಮೇಲಿನ ಪ್ರಶ್ನೆ ಬರೀ ಕರೆಗಂಟೆ. ಕರೆಗಂಟೆ ಹಾಕಿಸಿ ಬಾಗಿಲು ತೆಗೆಯದಿದ್ದರೆ ಗಂಟೆ ಇಲ್ಲದಿರುವುದಕ್ಕಿಂತ ಕೆಟ್ಟದು. ಯಾಕೆಂದರೆ ಜನ ಹೊರಗೆ ನಂಬಿಕೊಂಡು ನಿಂತಿರುತ್ತಾರೆ. ಚೀಟಿಯ ಹಿಂದಿನ ಆ ನಂಬರನ್ನು ನಂಬಿ ನಾವೂ ಒಂದು ಬೆಳಗ್ಗೆ ಕಳೆದಿದ್ದೇವೆ.

ನಮ್ಮ ಡೇಕೇರ್ ವಾರ್ಡುಗಳಲ್ಲಿ ನರ್ಸ್‌ಗಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಡ್ರಿಪ್ ಹಾಕುವವರೇ ಫೋನೂ ಎತ್ತಬೇಕು ಅಂದರೆ ಫೋನ್ ಸೋಲುತ್ತದೆ. ಆ ಕೆಲಸಕ್ಕೇ ಒಬ್ಬರು ಬೇಕು, ಅವರಿಗೆ ಸಂಬಳ ಬೇಕು. ಇಲ್ಲಿ ದುಡ್ಡಿನ ಲೆಕ್ಕ ಅಡ್ಡ ಬರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳಲ್ಲಿ ಹಣ ಸಿಗುವುದು ಕೊಟ್ಟ ಚಿಕಿತ್ಸೆಯ ಪ್ಯಾಕೇಜಿಗೆ. ಚಿಕಿತ್ಸೆಗಳ ನಡುವೆ ಹತ್ತು ಸಲ ಫೋನ್ ಮಾಡಿ ಒಂದು ಅಡ್ಮಿಷನ್ ತಪ್ಪಿಸಿದ ನರ್ಸ್‌ನ ಕೆಲಸ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2023ರ ಜುಲೈನಲ್ಲಿ ಶುರು ಮಾಡಿದ ಕ್ಯಾನ್ಸರ್ ಪಾವತಿ ಯೋಜನೆಯಲ್ಲಿ, ರೋಗಿಯೇ ಹೇಳಿದ ಲಕ್ಷಣಗಳನ್ನು ದಾಖಲಿಸುವುದನ್ನು ಹಂತ ಹಂತವಾಗಿ ಷರತ್ತು ಮಾಡಿತು. ಹಣದ ಜೊತೆ ಗಂಟು ಹಾಕಿದ್ದೇ ಅದರ ಜಾಣತನ. 2025ರ ಕೇಂದ್ರ ಬಜೆಟ್ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇಕೇರ್ ಕ್ಯಾನ್ಸರ್ ಕೇಂದ್ರ ಅಂತ ಹೇಳಿದೆ. ಕುರ್ಚಿ, ಡ್ರಿಪ್ ಸ್ಟ್ಯಾಂಡ್ ಬರುತ್ತವೆ. ಫೋನ್ ಎತ್ತುವವರ ಹುದ್ದೆಯೂ ಅದರ ಜೊತೆಗೇ ಮಂಜೂರಾಗಬೇಕು. ಕೀಮೋ ಮನೆಗೆ ಹತ್ತಿರ ಬಂದಷ್ಟೂ ಕ್ಯಾನ್ಸರ್ ತಜ್ಞರು ದೂರವೇ ಉಳಿಯುತ್ತಾರೆ, ಅದಕ್ಕೆ.

ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟುಬಿಡೋಣ ಅನ್ನುವುದು ಎಲ್ಲರಿಗೂ ಹೊಳೆಯುವ ಸುಲಭ ಉತ್ತರ. ಅವರಿಗೆ ಊರು ಗೊತ್ತು, ಮನೆ ಗೊತ್ತು, ಭಾಷೆ ಗೊತ್ತು. ಆದರೆ ಗೌರವಧನಕ್ಕಾಗಿ ಮತ್ತೆ ಮತ್ತೆ ಬೀದಿಗಿಳಿದವರ ತಲೆ ಮೇಲೆ ಇನ್ನೊಂದು ರಿಜಿಸ್ಟರ್ ಇಡುವ ಮುಂಚೆ ಅದಕ್ಕೆಷ್ಟು ಕೊಡುತ್ತೀರಿ ಅಂತ ಹೇಳಬೇಕಲ್ಲ.

ಕೀಮೋ ಮುಗಿದ ಮೇಲೆ ಇದೆಲ್ಲ ಬೇಡ ಅಂದುಕೊಂಡರೆ ಅದೂ ತಪ್ಪು. ಹಾರ್ಮೋನಿಗೆ ಸ್ಪಂದಿಸುವ ಗೆಡ್ಡೆಯಾಗಿದ್ದರೆ ಟಮಾಕ್ಸಿಫೆನ್ ಅಥವಾ ಲೆಟ್ರೊಜೋಲ್ ಮಾತ್ರೆ ಐದು ವರ್ಷ, ಕೆಲವರಿಗೆ ಹತ್ತು. ದಿನಕ್ಕೊಂದು ಸಣ್ಣ ಮಾತ್ರೆ, ಆದರೆ ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಅದರದು ದೊಡ್ಡ ಪಾಲು. ಲೆಟ್ರೊಜೋಲ್ ತೆಗೆದುಕೊಳ್ಳುವವರಲ್ಲಿ ತುಂಬಾ ಜನರಿಗೆ ಗಂಟುನೋವು. ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ. ನಾಟಿ ಕಾಲದಲ್ಲಿ ಗದ್ದೆಗೆ ಇಳಿಯಬೇಕಾದವರು ಏನು ಮಾಡುತ್ತಾರೆ? ಯಾರಿಗೂ ಹೇಳದೆ ಮಾತ್ರೆ ಬಿಡುತ್ತಾರೆ. ನೋವು ಹೋಗುತ್ತದೆ, ಖುಷಿಯಾಗುತ್ತದೆ. ಆರು ತಿಂಗಳಿಗೊಮ್ಮೆ ನೋಡುವ ಡಾಕ್ಟರಿಗೆ ಇದು ತಿಳಿಯುವುದೇ ಇಲ್ಲ. ಬೇರೆ ಮಾತ್ರೆಗೆ ಬದಲಿಸಬಹುದು, ವ್ಯಾಯಾಮ ಹೇಳಿಕೊಡಬಹುದು. ಆದರೆ ಮೊದಲು ಗೊತ್ತಾಗಬೇಕು. ಇಲ್ಲಿ ದಿನಕ್ಕೊಂದು ಕರೆ ಬೇಕಿಲ್ಲ. ತಿಂಗಳಿಗೊಂದು ಸಾಕು. "ಮಾತ್ರೆ ಶೀಟಿನಲ್ಲಿ ಎಷ್ಟು ಉಳಿದಿದೆ, ಸ್ವಲ್ಪ ಎಣಿಸಿ ಹೇಳ್ತೀರಾ?"

ಕಂಕುಳಿನ ಗ್ರಂಥಿಗಳನ್ನು ತೆಗೆದವರಿಗೆ ಆ ಕಡೆಯ ಕೈ ಊದುವ ಅಪಾಯ ವರ್ಷಗಳವರೆಗೂ ಇರುತ್ತದೆ. ಶುರುವಿನಲ್ಲೇ ಹಿಡಿದರೆ ಬ್ಯಾಂಡೇಜ್, ಮಸಾಜ್, ವ್ಯಾಯಾಮದಿಂದ ಹತೋಟಿಗೆ ತರಬಹುದು. ಗಟ್ಟಿಯಾಗಲು ಬಿಟ್ಟರೆ ಕಷ್ಟ. ಟೇಪು ಹಿಡಿದು ಅಳೆಯಿರಿ ಅಂದರೆ ಯಾರೂ ಅಳೆಯುವುದಿಲ್ಲ. ನಮ್ಮ ಹೆಂಗಸರ ಕೈಯಲ್ಲಿ ಆ ಅಳತೆ ಆಗಲೇ ಇದೆ.

ಚಿಕ್ಕಮ್ಮನ ಚಿಕಿತ್ಸೆ ಮುಗಿದು ಒಂದು ವರ್ಷವಾಯಿತು. ಉಳಿದ ಸೈಕಲ್‌ಗಳಲ್ಲಿ ಅವರು ದಿನಾ ಸಂಜೆ ಜ್ವರ ನೋಡಿ ಒಂಟಿಕೊಪ್ಪಲ್ ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದರು, ಏಕಾದಶಿಯ ಪಕ್ಕದಲ್ಲೇ 98.6 ಅಂತ. ಏಳು ಗಂಟೆಗೆ ನಾನು ಫೋನ್ ಮಾಡಿ ಓದಿಸುತ್ತಿದ್ದೆ. ಕಳೆದ ವಾರ ಮಾಡಿದಾಗಲೂ ಹೇಗಿದ್ದೀರಾ ಅಂತ ಕೇಳಲಿಲ್ಲ. "ಬಳೆ ಬಿಗಿ ಆಗಿದ್ಯಾ?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಬಳೆ ತಿರುಗಿಸುವ ಸದ್ದು ಕೇಳಿಸಿತು. "ಎಡಗೈದು ಒಂಚೂರು" ಅಂದರು. ಸೋಮವಾರ ಮೈಸೂರಿಗೆ ಬರುತ್ತಿದ್ದಾರೆ.